ಮಿತಿ, ವ್ಯಾಪ್ತಿ, ಗಾತ್ರ: ಲಾಂಗ್‌ಮನ್ ಆನ್‌ಲೈನ್ ನಿಘಂಟು ಎಷ್ಟರ ಮಟ್ಟಿಗೆ ಒದಗುತ್ತದೆ?

ಯಾವುದಾದರೂ ಸಹಕಾರ ಬ್ಯಾಂಕಿನ ಬೋರ್ಡು ನೋಡಿ. ಹೆಸರಿನ ಕೊನೆಯಲ್ಲಿ ‘ನಿಯಮಿತ’ ಎಂದೋ, ಜಾಗ ಸಾಲದಿದ್ದರೆ ಬರೀ ‘ನಿ.’ ಎಂದೋ ಇರುತ್ತದೆ. ಇಂಗ್ಲಿಷಿನ ‘ಲಿಮಿಟೆಡ್’ಗೆ ಕನ್ನಡದಲ್ಲಿ ನೆಲೆನಿಂತ ಪದ ಅದು, ಸದಸ್ಯರ ಹೊಣೆ ಇಷ್ಟೇ, ಇದಕ್ಕಿಂತ ಹೆಚ್ಚಿಲ್ಲ ಎಂಬುದು ಅದರ ತಾತ್ಪರ್ಯ. ಅದೇ ಪದ ಔಷಧದ ಚೀಟಿಗೆ ಬಂದಾಗ ‘ನಿಯಮಿತವಾಗಿ ಸೇವಿಸಿ’ ಎಂದರೆ ದಿನವೂ ತಪ್ಪದೆ ತೆಗೆದುಕೊಳ್ಳಿ ಎಂದು. ಕಡಿಮೆ ತೆಗೆದುಕೊಳ್ಳಿ ಎಂದಲ್ಲ. ‘ಉಪ್ಪಿನ ನಿಯಮಿತ ಬಳಕೆ ಒಳ್ಳೆಯದು’ ಎಂದು ಯಾರಾದರೂ ಬರೆದರೋ, ಓದಿದವರು ಉಪ್ಪನ್ನು ಕಡಿಮೆ ಮಾಡಬೇಕೋ, ದಿನವೂ ತಪ್ಪದೆ ತಿನ್ನಬೇಕೋ ತಿಳಿಯದೆ ಕೂರಬೇಕು. ಇಂಗ್ಲಿಷಿನ ‘ಲಿಮಿಟೆಡ್’, ‘ರೆಗ್ಯುಲರ್’ ಎರಡೂ ನಮ್ಮಲ್ಲಿ ಒಂದೇ ಸೂರಿನಡಿ ಕೂತಿವೆ.

ಮಿತಿ, ಅಳತೆ, ವ್ಯಾಪ್ತಿಯನ್ನು ಹೇಳುವ ಇಂಗ್ಲಿಷ್ ಪದಗಳಲ್ಲಿ ಕನ್ನಡಿಗರಿಗೆ ಅರ್ಥ ಗೊತ್ತಿಲ್ಲದವು ಬಹಳ ಕಡಿಮೆ. ಲಿಮಿಟ್, ಸೈಜ್, ರೇಂಜ್, ಸ್ಕೋಪ್ ಇವೆಲ್ಲ ಮನೆಮಾತಾಗಿ ಎಷ್ಟೋ ಕಾಲವಾಯಿತು. ಅಡಿಪಾಯಕ್ಕೆ ಹಾಕುವ ಕಲ್ಲೂ ನಮ್ಮಲ್ಲಿ ಸೈಜುಗಲ್ಲೇ. ಎಡವುವುದು ಬೇರೆ ಎರಡು ಕಡೆ. ಒಂದು, ಆ ಪದದ ಜೊತೆ ಯಾವ ಪದ ಬರುತ್ತದೆ ಎಂಬಲ್ಲಿ. ಎರಡು, ಗೆರೆಯ ತುದಿ ಗೆರೆಯೊಳಗೆ ಸೇರಿದೆಯೋ ಇಲ್ಲವೋ ಎಂಬಲ್ಲಿ. ಹಾಗಾಗಿ ಒಂದು ನಿಘಂಟನ್ನು ಈ ಪದಗುಚ್ಛದ ಮೇಲೆ ಅಳೆಯುವಾಗ ‘ಅರ್ಥ ಕೊಡುತ್ತದೆಯೇ’ ಎಂದು ಕೇಳಿ ಪ್ರಯೋಜನವಿಲ್ಲ. ಈ ಎರಡು ಕಡೆ ಕೈ ಹಿಡಿಯುತ್ತದೆಯೇ ಎಂದೇ ಕೇಳಬೇಕು.

ಇಲ್ಲಿ ನೋಡುತ್ತಿರುವುದು ಲಾಂಗ್‌ಮನ್ ಸಮಕಾಲೀನ ಇಂಗ್ಲಿಷ್ ನಿಘಂಟಿನ ಜಾಲತಾಣ ರೂಪ. ಮುದ್ರಿತ ನಿಘಂಟು ಮೊದಲು ಬಂದದ್ದು 1978ರಲ್ಲಿ. 6ನೇ ಆವೃತ್ತಿ 2014ರದ್ದು. ಜಾಲತಾಣ ಉಚಿತ, ಲಾಗಿನ್ ಬೇಕಿಲ್ಲ. ಕಲಿಯುವವರಿಗೆಂದೇ ಮಾಡಿದ್ದರಿಂದ ವಿವರಣೆಗಳನ್ನೆಲ್ಲ ಸುಮಾರು 2000 ಸಾಮಾನ್ಯ ಪದಗಳಲ್ಲೇ ಬರೆದಿದ್ದಾರೆ. ‘ಎಕ್ಸ್‌ಟೆಂಟ್’ ಎಂದು ಹುಡುಕಿದರೆ ‘ಮ್ಯಾಗ್ನಿಟ್ಯೂಡ್’ ಎಂದು ಬಂದು, ಅದನ್ನು ಹುಡುಕಿದರೆ ಮತ್ತೆ ‘ಎಕ್ಸ್‌ಟೆಂಟ್’ಗೇ ತಂದು ನಿಲ್ಲಿಸುವ ಗಾಣದೆತ್ತಿನ ಸುತ್ತು ಇಲ್ಲಿಲ್ಲ. ಪದದ ಪಕ್ಕದ ಎಸ್1, ಡಬ್ಲ್ಯೂ2 ಗುರುತುಗಳನ್ನು ಹೆಚ್ಚಿನವರು ನೋಡದೆ ಮುಂದೆ ಹೋಗುತ್ತಾರೆ. ಎಸ್ ಅಂದರೆ ಮಾತು, ಡಬ್ಲ್ಯೂ ಅಂದರೆ ಬರಹ. 1 ಎಂದಿದ್ದರೆ ಅತಿ ಹೆಚ್ಚು ಬಳಕೆಯ ಮೊದಲ ಸಾವಿರ ಪದಗಳಲ್ಲಿ ಒಂದು, 2 ಎಂದರೆ ಎರಡನೇ ಸಾವಿರ, 3 ಎಂದರೆ ಮೂರನೆಯದು. ಒಂದೇ ಅರ್ಥದ ನಾಲ್ಕು ಪದ ಮುಂದಿರುವಾಗ ಈ ಗುರುತೇ ದಾರಿ ತೋರುತ್ತದೆ. ‘ಆ್ಯಂಬಿಟ್’ ಎಂಬ ಪದ ಗೊತ್ತಿದೆ ಎಂಬ ಒಂದೇ ಕಾರಣಕ್ಕೆ ಅದನ್ನು ರಜೆ ಅರ್ಜಿಯಲ್ಲಿ ತುರುಕಬಾರದು ಎಂದು ಹೇಳುವವರು ಬೇಕಲ್ಲ.

ಈಗ ‘ವ್ಯಾಪ್ತಿ’ಗೆ ಬರೋಣ. ಈ ಒಂದು ಕನ್ನಡ ಪದದ ಹಿಂದೆ ಎಷ್ಟು ಇಂಗ್ಲಿಷ್ ಪದಗಳು ಸಾಲುಗಟ್ಟಿವೆ ಎಂದು ಕುಳಿತು ಎಣಿಸಿದರೇ ನಿಘಂಟಿನ ಕೆಲಸ ಏನೆಂದು ತಿಳಿಯುವುದು. ‘ಇದು ನಮ್ಮ ವ್ಯಾಪ್ತಿಗೆ ಬರುವುದಿಲ್ಲ’ ಎಂಬ ವಾಕ್ಯ ತೆಗೆದುಕೊಳ್ಳಿ. ಬಣ್ಣ ಬಳಿಯುವ ಗುತ್ತಿಗೆದಾರ ಹೇಳಿದರೆ ಇಂಗ್ಲಿಷಿನಲ್ಲಿ ‘ಸ್ಕೋಪ್ ಆಫ್ ವರ್ಕ್’; ಎರಡು ಕೋಟ್ ಬಣ್ಣ ಒಪ್ಪಿಕೊಂಡಿದ್ದೇನೆ, ಪುಟ್ಟಿ ಹಚ್ಚುವುದು ಅದರಲ್ಲಿಲ್ಲ ಎಂದು ಅವರ ಮಾತು. ಸಬ್‌ಇನ್‌ಸ್ಪೆಕ್ಟರ್ ಹೇಳಿದರೆ ‘ಜ್ಯೂರಿಸ್‌ಡಿಕ್ಷನ್’, ನಮ್ಮ ಇಂಗ್ಲಿಷ್ ಪತ್ರಿಕೆಗಳ ರೂಢಿಯಲ್ಲಿ ‘ಪೊಲೀಸ್ ಸ್ಟೇಷನ್ ಲಿಮಿಟ್ಸ್’. ಹಳೆಯ ಕನ್ನಡ ವರದಿಗಳಲ್ಲಿ ಇದೇ ‘ಠಾಣಾ ಸರಹದ್ದು’. ವಿಮೆಯ ಏಜೆಂಟ್ ಹೇಳಿದರೆ ‘ನಾಟ್ ಕವರ್ಡ್’. ಸಂಶೋಧನಾ ಪ್ರಬಂಧದಲ್ಲಿ ‘ಬಿಯಾಂಡ್ ದ ಸ್ಕೋಪ್ ಆಫ್ ದಿಸ್ ಸ್ಟಡಿ’. ಮೊಬೈಲ್ ಕಂಪನಿಯ ಧ್ವನಿ ‘ವ್ಯಾಪ್ತಿ ಪ್ರದೇಶದ ಹೊರಗಿದ್ದಾರೆ’ ಎನ್ನುವುದು ‘ಕವರೇಜ್ ಏರಿಯಾ’. ಮಾಹಿತಿ ಹಕ್ಕಿನ ಅರ್ಜಿಗೆ ಉತ್ತರ ಬರೆಯುವ ಅಧಿಕಾರಿಗೆ ‘ಪರ್‌ವ್ಯೂ’. ಕನ್ನಡ-ಇಂಗ್ಲಿಷ್ ಪಟ್ಟಿ ಈ ಆರನ್ನೂ ಅಲ್ಪವಿರಾಮ ಹಾಕಿ ಒಂದೇ ಸಾಲಿನಲ್ಲಿ ಕೊಟ್ಟು ಕೈ ತೊಳೆದುಕೊಳ್ಳುತ್ತದೆ. ಆರರಲ್ಲಿ ಯಾವುದು ಎಂಬುದೇ ನಿಮ್ಮ ಪ್ರಶ್ನೆಯಾಗಿತ್ತು.

ಲಾಂಗ್‌ಮನ್ ಗೆಲ್ಲುವುದು ಇಲ್ಲಿ. ‘ಸ್ಕೋಪ್’ ತೆರೆದರೆ ನಾಮಪದದ ಅರ್ಥಗಳು ಎರಡು ದಿಕ್ಕಿಗೆ ಕವಲೊಡೆಯುತ್ತವೆ. ಒಂದು, ಒಂದು ವಿಷಯದೊಳಗೆ ಏನೇನು ಬರುತ್ತದೆ ಎಂಬ ಹರವು. ಇನ್ನೊಂದು, ಏನನ್ನಾದರೂ ಮಾಡಲು ಇರುವ ಅವಕಾಶ. ಮೊದಲ ಅರ್ಥಕ್ಕೆ ‘ವಿದಿನ್’, ‘ಬಿಯಾಂಡ್’, ‘ಔಟ್‌ಸೈಡ್’ ಪದಕ್ಕೆ ಮೊದಲು ಬಂದು ‘ಆಫ್’ ಪದದ ನಂತರ ಬರುತ್ತದೆ. ಹರವನ್ನು ಹಿಗ್ಗಿಸುವುದಕ್ಕೆ ‘ವೈಡನ್’, ‘ಬ್ರಾಡನ್’, ಕುಗ್ಗಿಸುವುದಕ್ಕೆ ‘ನ್ಯಾರೋ’ ಸೇರುತ್ತವೆಯೇ ಹೊರತು ‘ಇನ್‌ಕ್ರೀಸ್ ದ ಸ್ಕೋಪ್’ ಅಷ್ಟು ಹೊಂದುವುದಿಲ್ಲ. ಎರಡನೇ ಅರ್ಥಕ್ಕೆ ‘ಫಾರ್’ ಬೇಕು: ‘ಸ್ಕೋಪ್ ಫಾರ್ ಇಂಪ್ರೂವ್‌ಮೆಂಟ್’. ಈ ‘ಆಫ್’, ‘ಫಾರ್’ ವ್ಯತ್ಯಾಸ ಒಂದು ಕಣ್ಣಿಗೆ ಬಿದ್ದರೆ ಸಾಕು, ಅರ್ಧ ತಪ್ಪುಗಳು ನಿಲ್ಲುತ್ತವೆ.

ಆದರೆ ನಮ್ಮೂರಿನ ‘ಸ್ಕೋಪ್’ ಅಲ್ಲಿಲ್ಲ. ‘ಈ ಕೋರ್ಸಿಗೆ ಒಳ್ಳೇ ಸ್ಕೋಪ್ ಇದೆ’ ಎಂದು ಪಿಯುಸಿ ಮುಗಿಸಿದ ಮಕ್ಕಳ ಮನೆಯಲ್ಲೆಲ್ಲ ಕೇಳಿಬರುವ ಮಾತನ್ನು ಹಾಗೇ ಇಂಗ್ಲಿಷಿಗಿಳಿಸಿ ‘ದಿಸ್ ಕೋರ್ಸ್ ಹ್ಯಾಸ್ ಗುಡ್ ಸ್ಕೋಪ್’ ಎಂದರೆ ಭಾರತದಲ್ಲಿ ಎಲ್ಲರಿಗೂ ತಿಳಿಯುತ್ತದೆ. ಲಂಡನ್ನಿನಲ್ಲಿ ಕೇಳಿದವರು ಸ್ಕೋಪ್ ಯಾತಕ್ಕೆ ಎಂದು ಕಾಯುತ್ತಾ ನಿಲ್ಲುತ್ತಾರೆ. ಅಲ್ಲಿ ‘ಪ್ರಾಸ್ಪೆಕ್ಟ್ಸ್’ ಎನ್ನಬೇಕು. ಇನ್ನು ‘ಸ್ಕೋಪ್ ತಗೋತಾನೆ’ ಎನ್ನುವ ನಮ್ಮ ಬೆಡಗಿನ ಬಳಕೆಯಂತೂ ಯಾವ ನಿಘಂಟಿನ ಅಂಕೆಗೂ ಸಿಗದ್ದು.

‘ಎಕ್ಸ್‌ಟೆಂಟ್’ ಕನ್ನಡಿಗರಿಗೆ ಕಷ್ಟ ಎನ್ನುವವರಿದ್ದಾರೆ; ನಿಜವಾಗಿ ಅದು ಎಲ್ಲಕ್ಕಿಂತ ಸುಲಭ. ನಮ್ಮ ‘ಮಟ್ಟಿಗೆ’ ಅದಕ್ಕೆ ಹೇಳಿ ಮಾಡಿಸಿದ ಜೋಡಿ. ಸ್ವಲ್ಪ ಮಟ್ಟಿಗೆ, ಬಹುಮಟ್ಟಿಗೆ, ಎಷ್ಟರ ಮಟ್ಟಿಗೆ, ಅಷ್ಟರ ಮಟ್ಟಿಗೆ: ಇವಕ್ಕೆ ‘ಟು ಸಮ್ ಎಕ್ಸ್‌ಟೆಂಟ್’, ‘ಟು ಎ ಲಾರ್ಜ್ ಎಕ್ಸ್‌ಟೆಂಟ್’, ‘ಟು ವಾಟ್ ಎಕ್ಸ್‌ಟೆಂಟ್’, ‘ಟು ದಟ್ ಎಕ್ಸ್‌ಟೆಂಟ್’ ಎಂದು ಒಂದಕ್ಕೊಂದು ಕೂಡಿಸಿಟ್ಟುಕೊಂಡರೆ ಆಯಿತು. ‘ಟು’ ಬಿಟ್ಟು ‘ಇನ್ ಸಮ್ ಎಕ್ಸ್‌ಟೆಂಟ್’ ಎಂದು ಬರೆಯುವುದೊಂದೇ ಸಾಮಾನ್ಯ ತಪ್ಪು. ಈ ಪದದಡಿ ಲಾಂಗ್‌ಮನ್ನಿನ ಉದಾಹರಣೆ ವಾಕ್ಯಗಳು ಧಾರಾಳವಾಗಿವೆ. ನಾಲ್ಕು ವಾಕ್ಯ ಓದುವಷ್ಟರಲ್ಲಿ ‘ಟು’ ಕಿವಿಯಲ್ಲಿ ಕೂತುಬಿಡುತ್ತದೆ. ಒಂದು ಹೊಂಡ ಮಾತ್ರ ಉಂಟು: ‘ನನ್ನ ಮಟ್ಟಿಗೆ’ ಎನ್ನುವುದಕ್ಕೆ ಎಕ್ಸ್‌ಟೆಂಟ್ ಬಾರದು, ಅದು ‘ಆ್ಯಸ್ ಫಾರ್ ಆ್ಯಸ್ ಐ ಆ್ಯಮ್ ಕನ್ಸರ್ನ್ಡ್’.

ಜಮೀನಿನ ಕಾಗದಪತ್ರ ಓದುವವರಿಗೆ ಇನ್ನೊಂದು ಎಚ್ಚರಿಕೆ ಬೇಕು. ಕ್ರಯಪತ್ರದ ಇಂಗ್ಲಿಷಿನಲ್ಲಿ ‘ಮೆಷರಿಂಗ್ ಟು ಆ್ಯನ್ ಎಕ್ಸ್‌ಟೆಂಟ್ ಆಫ್ 2 ಏಕರ್ಸ್ 10 ಗುಂಟಾಸ್’ ಎಂದಿದ್ದರೆ ಅಲ್ಲಿ ಎಕ್ಸ್‌ಟೆಂಟ್ ಅಂದರೆ ಶುದ್ಧವಾಗಿ ವಿಸ್ತೀರ್ಣ. 40 ಗುಂಟೆಗೆ ಒಂದು ಎಕರೆ, ಗುಂಟೆಗೆ 1089 ಚದರ ಅಡಿ, ಅಂದರೆ 33 ಅಡಿ ಚೌಕ. ಅದೇ ಪತ್ರದ ಕೊನೆಯಲ್ಲಿ ಬರುವ ಚಕ್ಕುಬಂದಿ, ಅಂದರೆ ಪೂರ್ವಕ್ಕೆ ಇಂಥವರ ಜಮೀನು, ಪಶ್ಚಿಮಕ್ಕೆ ಹಳ್ಳ ಎನ್ನುವ ಭಾಗ, ಇಂಗ್ಲಿಷಿನಲ್ಲಿ ‘ಬೌಂಡರೀಸ್’. ಎಕ್ಸ್‌ಟೆಂಟ್ ಎಷ್ಟು ಎಂದು ಹೇಳುತ್ತದೆ, ಬೌಂಡರೀಸ್ ಎಲ್ಲಿಂದ ಎಲ್ಲಿಗೆ ಎಂದು ಹೇಳುತ್ತದೆ. ಎರಡೂ ತಾಳೆಯಾಗದಿದ್ದಾಗಲೇ ವಕೀಲರಿಗೆ ಕೆಲಸ. ಬ್ರಿಟಿಷ್ ಮತ್ತು ಅಮೆರಿಕನ್ ಬಳಕೆಯನ್ನು ಚೆನ್ನಾಗಿ ಗುರುತಿಸಿಡುವ ಲಾಂಗ್‌ಮನ್, ನಮ್ಮ ತಹಶೀಲ್ದಾರ್ ಕಚೇರಿಯ ಈ ಇಂಗ್ಲಿಷಿನತ್ತ ತಲೆ ಹಾಕುವುದಿಲ್ಲ. ಅದು ಅದರ ದೋಷವಲ್ಲ, ಆದರೆ ಬಳಸುವವರಿಗೆ ಗೊತ್ತಿರಬೇಕು.

ಬೌಂಡರಿಯ ಮಾತು ಬಂದದ್ದಕ್ಕೆ ಹೇಳಬೇಕು: ಬೌಂಡರಿ, ಬಾರ್ಡರ್ ಎರಡಕ್ಕೂ ನಾವು ಗಡಿ ಎನ್ನುತ್ತೇವೆ. ದೇಶ ಅಥವಾ ರಾಜ್ಯಗಳ ನಡುವಿನದು ಬಾರ್ಡರ್, ಜಮೀನು-ವಾರ್ಡು-ಆಟದ ಮೈದಾನದ್ದು ಬೌಂಡರಿ ಎಂದುಕೊಂಡರೆ ಹತ್ತಕ್ಕೆ ಒಂಬತ್ತು ಸಲ ಸರಿಹೋಗುತ್ತದೆ. ಲಿಮಿಟ್ ಮತ್ತು ಲಿಮಿಟೇಷನ್ ನಡುವೆ ಇದಕ್ಕಿಂತ ದೊಡ್ಡ ಕಂದಕ. ಲಿಮಿಟ್ ದಾಟಬಾರದ ಗೆರೆ. ಲಿಮಿಟೇಷನ್ ಕೈಲಾಗದ ಕೊರತೆ. ಕನ್ನಡದ ‘ಇತಿಮಿತಿ’ ಅದರ ಮೈಗೆ ಹೊಲಿದ ಅಂಗಿಯಂತಿದೆ. ‘ಈ ಯಂತ್ರದ ಲಿಮಿಟ್ಸ್’ ಎಂದರೆ ಎಷ್ಟು ಭಾರ ಹೇರಬಹುದು ಎಂಬುದು, ‘ಲಿಮಿಟೇಷನ್ಸ್’ ಎಂದರೆ ಅದು ಏನೇನು ಮಾಡಲಾರದು ಎಂಬುದು. ಕೋರ್ಟಿನಲ್ಲಿ ಲಿಮಿಟೇಷನ್ ಅಂದರೆ ದಾವೆ ಹೂಡಲು ಇರುವ ಅವಧಿ, 1963ರ ಕಾಯ್ದೆಯದು. ‘ಓವರ್ ದ ಲಿಮಿಟ್’ ಎಂಬ ನುಡಿಗಟ್ಟು ಬ್ರಿಟಿಷರ ಬಾಯಲ್ಲಿ ಹೆಚ್ಚಾಗಿ ಕುಡಿದು ಗಾಡಿ ಓಡಿಸಿದವರಿಗೆ ಮೀಸಲು. ನಮ್ಮ ಮೋಟಾರು ವಾಹನ ಕಾಯ್ದೆಯಲ್ಲಿ ಆ ಲಿಮಿಟ್ 100 ಮಿಲಿಲೀಟರ್ ರಕ್ತಕ್ಕೆ 30 ಮಿಲಿಗ್ರಾಂ ಮದ್ಯಸಾರ. ವೇಗದ ಮಿತಿ ಮೀರಿದ್ದಕ್ಕೆ ‘ಹೀ ವಾಸ್ ಓವರ್ ದ ಲಿಮಿಟ್’ ಎಂದು ಬರೆದರೆ ಪಾಪ, ಕುಡಿಯದವನ ಮೇಲೆ ಅಪವಾದ ಬಂದೀತು.

ಇನ್ನು ತುದಿಯ ವಿಷಯ. ದುಡ್ಡು ಮತ್ತು ಗಡುವು ಎರಡೂ ಇಲ್ಲಿ ಸಿಕ್ಕಿಬೀಳುವುದರಿಂದ ನಿಧಾನವಾಗಿ ನೋಡಬೇಕು.

‘ಶುಕ್ರವಾರದವರೆಗೆ’ ಮತ್ತು ‘ಶುಕ್ರವಾರದೊಳಗೆ’ ಕನ್ನಡದಲ್ಲಿ ಬೇರೆ ಬೇರೆ. ಅಂಗಡಿ ಶುಕ್ರವಾರದವರೆಗೆ ತೆರೆದಿರುತ್ತದೆ, ಅರ್ಜಿ ಶುಕ್ರವಾರದೊಳಗೆ ಕೊಡಬೇಕು. ಇಂಗ್ಲಿಷಿನಲ್ಲೂ ಇದೇ ಎರಡು ಕೋಣೆ: ಮೊದಲನೆಯದಕ್ಕೆ ‘ಟಿಲ್’ ಅಥವಾ ‘ಅಂಟಿಲ್’, ಎರಡನೆಯದಕ್ಕೆ ‘ಬೈ’. ನಮ್ಮ ಭಾಷೆಯಲ್ಲೇ ಭೇದ ಇದ್ದರೂ ಕಚೇರಿ ಇಮೇಲುಗಳಲ್ಲಿ ‘ಸಬ್‌ಮಿಟ್ ಟಿಲ್ ಫ್ರೈಡೇ’ ಎಂದು ಬರೆಯುತ್ತೇವೆ. ಅದನ್ನು ಅಕ್ಷರಶಃ ತೆಗೆದುಕೊಂಡರೆ ಶುಕ್ರವಾರದವರೆಗೂ ಕೊಡುತ್ತಲೇ ಇರಿ ಎಂದಾಯಿತು. ‘ಒಳಗೆ’ಯನ್ನು ನೆನೆಯಿರಿ, ‘ಬೈ’ ತಾನಾಗಿ ಬರುತ್ತದೆ. ‘ಬಿಫೋರ್ 31 ಜುಲೈ’ ಎಂದರೆ 31 ಸೇರಿಲ್ಲ, ‘ಬೈ 31 ಜುಲೈ’ ಎಂದರೆ ಸೇರಿದೆ. ಕನ್ನಡದಲ್ಲಿ ಜಗಳಕ್ಕೆ ಜಾಗ ಬಿಡಬಾರದೆಂದಿದ್ದರೆ ‘ಜುಲೈ 31 ಕೊನೆಯ ದಿನ’ ಎಂದು ಬರೆದುಬಿಡುವುದೇ ಕ್ಷೇಮ.

‘ಏಳು ದಿನದೊಳಗೆ’ ಎನ್ನುವುದಕ್ಕೆ ‘ವಿದಿನ್ ಸೆವೆನ್ ಡೇಸ್’. ‘ಇನ್ ಸೆವೆನ್ ಡೇಸ್’ ಎಂದರೆ ಸಾಮಾನ್ಯವಾಗಿ ಏಳು ದಿನ ಕಳೆದ ಮೇಲೆ. ರೇಷನ್ ಕಾರ್ಡು ‘ಇನ್ ಸೆವೆನ್ ಡೇಸ್’ ಸಿಗುತ್ತದೆಂದರೆ ಮೂರನೇ ದಿನವೇ ಹೋಗಿ ಕ್ಯೂ ನಿಲ್ಲಬೇಡಿ. ಇಂಥ ಪುಟ್ಟ ಪದಗಳಿಗೆ ಲಾಂಗ್‌ಮನ್ ಕೊಡುವ ವ್ಯಾಕರಣ ಟಿಪ್ಪಣಿಗಳು ಮತ್ತು ಉದಾಹರಣೆಗಳು ಕೆಲಸಕ್ಕೆ ಬರುತ್ತವೆ, ಆದರೆ ‘ಇನ್’ ಎಂದು ಹುಡುಕಿದರೆ ಉದ್ದನೆಯ ಪುಟವೇ ತೆರೆಯುತ್ತದೆ. ಕಾಲಕ್ಕೆ ಸಂಬಂಧಿಸಿದ ಅರ್ಥ ಸಿಗುವವರೆಗೆ ತಾಳ್ಮೆಯಿಂದ ಕೆಳಗಿಳಿಯಬೇಕು. ಚಿಕ್ಕ ಪದಕ್ಕೇ ದೊಡ್ಡ ಪುಟ, ಎಲ್ಲ ನಿಘಂಟಿನ ಹಣೆಬರಹ.

ಏಳು ದಿನವನ್ನು ಯಾವತ್ತಿನಿಂದ ಎಣಿಸಬೇಕು ಎಂಬುದನ್ನು ಮಾತ್ರ ಯಾವ ಭಾಷಾ ನಿಘಂಟನ್ನೂ ಕೇಳಬಾರದು. ಕೇಂದ್ರದ ಕಾನೂನುಗಳ ಮಟ್ಟಿಗೆ 1897ರ ಜನರಲ್ ಕ್ಲಾಸಸ್ ಕಾಯ್ದೆಯ 9ನೇ ಕಲಂ ಇದಕ್ಕೆ ಉತ್ತರ: ‘ಫ್ರಮ್’ ಎಂದರೆ ಮೊದಲ ದಿನ ಲೆಕ್ಕಕ್ಕಿಲ್ಲ, ‘ಟು’ ಎಂದರೆ ಕೊನೆಯ ದಿನ ಲೆಕ್ಕಕ್ಕುಂಟು. ಮಾತುಕತೆಯಲ್ಲಿ ‘ಸೋಮವಾರದಿಂದ ರಜೆ’ ಎಂದರೆ ಸೋಮವಾರವೂ ರಜೆಯೇ. ಕಾನೂನಿನಲ್ಲಿ ‘ಫ್ರಮ್’ ಎಂದರೆ ಮರುದಿನದಿಂದ ಎಣಿಕೆ. ನಿಘಂಟು ಮೊದಲನೆಯದನ್ನು ಹೇಳುತ್ತದೆ. ನೋಟಿಸಿಗೆ ಉತ್ತರ ಕೊಡುವವರಿಗೆ ಬೇಕಾದದ್ದು ಎರಡನೆಯದು.

ವಯಸ್ಸು, ದುಡ್ಡಿನ ಮಿತಿಗಳಲ್ಲಿ ‘ಅಬೌವ್ 60’ ಎಂದರೆ 60 ಬಿಟ್ಟು ಮೇಲೆ, ‘60 ಆ್ಯಂಡ್ ಅಬೌವ್’ ಎಂದರೆ 60 ಸೇರಿ. ಕನ್ನಡದ ‘60 ವರ್ಷ ಮೇಲ್ಪಟ್ಟವರು’ ಎರಡಕ್ಕೂ ನಡೆಯುವುದರಿಂದ ಅನುವಾದಕರು ಇಲ್ಲೇ ಜಾರುತ್ತಾರೆ. ಆದಾಯ ತೆರಿಗೆಯಲ್ಲಿ ಹಿರಿಯ ನಾಗರಿಕರು ಅಂದರೆ 60 ವರ್ಷ ಮತ್ತು ಮೇಲ್ಪಟ್ಟವರು, ಅತಿ ಹಿರಿಯರು 80 ಮತ್ತು ಮೇಲ್ಪಟ್ಟವರು. ‘60 ತುಂಬಿದವರು’ ಎಂದರೆ ಎಷ್ಟು ಚೊಕ್ಕ ನೋಡಿ! ‘ತುಂಬಿದ’, ‘ದಾಟಿದ’ ಎಂಬ ಈ ಜೋಡಿ ನಮ್ಮ ಅಜ್ಜಿಯರ ಬಾಯಲ್ಲಿ ಇದ್ದದ್ದೇ. ಅರ್ಜಿ ನಮೂನೆಗೆ ಮಾತ್ರ ಏಕೋ ಬರಲೇ ಇಲ್ಲ. ಸಂವಿಧಾನದ 326ನೇ ವಿಧಿಯಲ್ಲಿ ಮತದಾರರ ವಯಸ್ಸಿಗೆ ‘ನಾಟ್ ಲೆಸ್ ದ್ಯಾನ್’ 18 ಎಂಬ ಪದಗಳಿವೆ: 18ಕ್ಕೆ ಕಡಿಮೆಯಿಲ್ಲದ, ಅಂದರೆ ತುಂಬಿದ. ‘ನಾಟ್ ಎಕ್ಸೀಡಿಂಗ್ 10 ಲಕ್ಷ’ ಎಂದರೆ ಸರಿಯಾಗಿ ಹತ್ತು ಲಕ್ಷ ಇದ್ದವರೂ ಒಳಗೆ, ‘ಲೆಸ್ ದ್ಯಾನ್ 10 ಲಕ್ಷ’ ಎಂದರೆ ಅವರು ಹೊರಗೆ. ಒಂದು ರೂಪಾಯಿಯ ಆಟ, ಆದರೆ ವಿದ್ಯಾರ್ಥಿವೇತನ ಸಿಗುವುದೋ ಬಿಡುವುದೋ ಅದರ ಮೇಲಿರಬಹುದು.

‘ಅಪ್ ಟು 50% ಆಫ್’ ಎಂಬ ಬಟ್ಟೆ ಅಂಗಡಿಯ ಹಲಗೆಯಲ್ಲಿ ‘ಅಪ್ ಟು’ ಇರುವೆಯಷ್ಟು, 50 ಆನೆಯಷ್ಟು. ಶೇ 50 ಅಲ್ಲಿ ಚಾವಣಿ, ನೆಲವಲ್ಲ. ಒಂದು ಕರವಸ್ತ್ರಕ್ಕೆ ಶೇ 50, ಉಳಿದದ್ದಕ್ಕೆಲ್ಲ ಶೇ 5 ಕೊಟ್ಟರೂ ಆ ಹಲಗೆ ಸುಳ್ಳಾಗದು. ಕನ್ನಡದ ಜಾಹೀರಾತಿನಲ್ಲಿ ‘ಶೇ 50ರವರೆಗೆ’ ಎಂಬುದರ ‘ವರೆಗೆ’ಯನ್ನು ಕೈಬಿಟ್ಟರೆ ಮಾತ್ರ ಅರ್ಥವೇ ಬದಲಾಗುತ್ತದೆ.

‘ಬಿಟ್ವೀನ್ 1 ಟು 10’ ಎಂಬುದು ನಮ್ಮವರ ಕೈಯಲ್ಲಿ ಬಿಡದೆ ಬರುವ ತಪ್ಪು. ಕಾರಣ ಸರಳ: ನಮ್ಮ ‘1ರಿಂದ 10’ ಎರಡು ಇಂಗ್ಲಿಷ್ ರಚನೆಗಳಿಗೂ ಸಲ್ಲುತ್ತದೆ. ‘ಫ್ರಮ್’ ಬಂದರೆ ‘ಟು’, ‘ಬಿಟ್ವೀನ್’ ಬಂದರೆ ‘ಆ್ಯಂಡ್’. ಒಂದರ ಗಂಡನ್ನು ಇನ್ನೊಂದರ ಹೆಣ್ಣಿಗೆ ಕಟ್ಟಬಾರದು. ‘ರೇಂಜ್’ ಎಂಬ ಕ್ರಿಯಾಪದಕ್ಕೂ ಇದೇ ನಿಯಮ. ಜೊತೆಗೆ ‘ಪ್ರೈಸಸ್ ಆರ್ ರೇಂಜಿಂಗ್ ಫ್ರಮ್’ ಎನ್ನಬಾರದು, ‘ಪ್ರೈಸಸ್ ರೇಂಜ್ ಫ್ರಮ್’ ಸಾಕು. ಕನ್ನಡದಲ್ಲಿ ‘ಬೆಲೆ ಇಷ್ಟರಿಂದ ಇಷ್ಟಿದೆ’ ಎನ್ನುತ್ತೇವೆಯೇ ಹೊರತು ‘ಇರುತ್ತಾ ಇದೆ’ ಎನ್ನುವುದಿಲ್ಲವಲ್ಲ, ಹಾಗೆ. ಈ ಜೋಡಿಗಳನ್ನು ಲಾಂಗ್‌ಮನ್ ದಪ್ಪ ಅಕ್ಷರದಲ್ಲಿ ಎತ್ತಿ ತೋರಿಸಿ, ಅಡಿಯಲ್ಲಿ ಉದಾಹರಣೆ ಕೊಡುತ್ತದೆ. ಇದೊಂದಕ್ಕೇ ನಾಲ್ಕು ನಕ್ಷತ್ರ ಕೊಡಬಹುದು.

ಏರಿಕೆ ಇಳಿಕೆಯ ‘ಬೈ’ ಮತ್ತು ‘ಟು’ ಕೂಡ ಇಲ್ಲಿಗೇ ಸೇರುತ್ತವೆ. 2023ರ ಫೆಬ್ರುವರಿಯಲ್ಲಿ ರಿಸರ್ವ್ ಬ್ಯಾಂಕ್ ರೆಪೊ ದರವನ್ನು ಶೇ 6.25ರಿಂದ ಶೇ 6.50ಕ್ಕೆ ಏರಿಸಿತು. ‘ಟು 6.50’ ಎನ್ನುವುದು ಕನ್ನಡದ ‘ಕ್ಕೆ’, 0.25ರಷ್ಟು ಎನ್ನುವಾಗ ಬರುವ ‘ರಷ್ಟು’ ಇಂಗ್ಲಿಷಿನ ‘ಬೈ’. ವಿಭಕ್ತಿ ಪ್ರತ್ಯಯವನ್ನು ಹಿಡಿದು ಹೋದರೆ ದಾರಿ ತಪ್ಪದು. ತಪ್ಪಿದರೆ ರೆಪೊ ದರ ಆರೂವರೆ ಪರ್ಸೆಂಟ್ ಜಿಗಿದು ದೇಶವೇ ಬೆಚ್ಚಿಬೀಳುವಂಥ ಶೀರ್ಷಿಕೆ ಬರುತ್ತದೆ.

ಗಾತ್ರದ ಪದಗಳಲ್ಲಿ ತೊಂದರೆ ತಿರುಗುಮುರುಗು. ನಮ್ಮ ‘ಸಣ್ಣ’ ಚಿಕ್ಕದಕ್ಕೂ ಹೌದು, ತೆಳ್ಳಗಿನದಕ್ಕೂ ಹೌದು. ಬಹಳ ದಿನದ ಮೇಲೆ ಕಂಡವರಿಗೆ ‘ಏನಮ್ಮ, ಇಷ್ಟು ಸಣ್ಣ ಆಗಿದ್ದೀಯ?’ ಎನ್ನುವುದನ್ನು ‘ಯೂ ಹ್ಯಾವ್ ಬಿಕಮ್ ಸ್ಮಾಲ್’ ಎಂದರೆ ಆಕೆ ಕುಳ್ಳಗಾಗಿದ್ದಾಳೋ ಎಂದುಕೊಳ್ಳಬೇಕು, ‘ಥಿನ್’ ಎನ್ನಬೇಕು. ‘ದಪ್ಪ’ ಪುಸ್ತಕಕ್ಕೆ ‘ಥಿಕ್’, ಮನುಷ್ಯರಿಗೆ ‘ಫ್ಯಾಟ್’. ಅದೂ ಮುಖದೆದುರು ಆಡುವ ಪದವಲ್ಲ. ‘ಹುಡುಗ ಉದ್ದ ಇದ್ದಾನೆ’ ಎಂದರೆ ‘ಟಾಲ್’, ‘ಲಾಂಗ್’ ಅಲ್ಲ. ಬೆಟ್ಟ ‘ಹೈ’, ತೆಂಗಿನಮರ ‘ಟಾಲ್’. ದೊಡ್ಡ ಸಂಖ್ಯೆ ‘ಲಾರ್ಜ್’, ದೊಡ್ಡ ತಪ್ಪು ‘ಬಿಗ್’, ದೊಡ್ಡ ಗೌರವ ‘ಗ್ರೇಟ್’, ದೊಡ್ಡ ವೇಗ ‘ಹೈ’. ಇದಕ್ಕೆ ತರ್ಕ ಹುಡುಕಿ ಫಲವಿಲ್ಲ. ನಾವು ‘ಜೋರು ಮಳೆ’, ‘ಭಾರಿ ಬಿಸಿಲು’ ಎನ್ನುವುದಕ್ಕೆ ಏನು ತರ್ಕವೋ ಅದೇ. ‘ಬಿಗ್’ ಎಂಬಲ್ಲಿ ಲಾಂಗ್‌ಮನ್ ಇಟ್ಟಿರುವ ಸಮಾನಾರ್ಥಕಗಳ ಪೆಟ್ಟಿಗೆಯನ್ನು ತೆರೆದು ಒಂದೊಂದರ ಪಕ್ಕದ ವಾಕ್ಯ ಓದಿ. ಅರ್ಥದ ಸಾಲನ್ನು ಬಿಟ್ಟರೂ ಚಿಂತೆಯಿಲ್ಲ, ವಾಕ್ಯಗಳನ್ನು ಬಿಡಬೇಡಿ. ದರ್ಜಿಯ ಅಂಗಡಿಗೆ ಸಂಬಂಧಿಸಿದ ಒಂದು ಮಾತು: ಅಳತೆ ತೆಗೆದುಕೊಳ್ಳುವುದು ‘ಟೇಕ್ ಮೆಷರ್‌ಮೆಂಟ್ಸ್’, ‘ಟೇಕ್ ಸೈಜ್’ ಅಲ್ಲ. ಸೈಜ್ ಎನ್ನುವುದು ಅಂಗಿಯ ಕೊರಳಲ್ಲಿ ಮೊದಲೇ ಅಚ್ಚಾಗಿರುವ 40, 42.

ಕರಾರು ಪತ್ರಗಳ ‘ಇನ್‌ಕ್ಲೂಡಿಂಗ್ ಬಟ್ ನಾಟ್ ಲಿಮಿಟೆಡ್ ಟು’ ಎಂಬ ಒಕ್ಕಣೆಯನ್ನು ಯಂತ್ರಾನುವಾದಕ್ಕೆ ಕೊಟ್ಟರೆ ‘ಒಳಗೊಂಡಿರುವ ಆದರೆ ಸೀಮಿತವಾಗಿರದ’ ಎಂಬಂಥ ಕನ್ನಡ ಬರುತ್ತದೆ; ಅದನ್ನು ಓದಿ ಅರ್ಥ ಮಾಡಿಕೊಳ್ಳಲು ಮತ್ತೆ ಇಂಗ್ಲಿಷೇ ಬೇಕು. ‘ಇವು ಸೇರಿವೆ, ಇವಿಷ್ಟೇ ಅಲ್ಲ’ ಎಂದು ಎರಡು ತುಂಡು ಮಾಡಿದರೆ ಮುಗಿಯಿತು. ಯಂತ್ರಾನುವಾದದ ಬಗ್ಗೆ ಇಷ್ಟೇ ಸಾಕು.

ಲಾಂಗ್‌ಮನ್ನಿನ ನಿಜವಾದ ಕೊರತೆ ಎಂದರೆ ಕನ್ನಡದ ಕಡೆಯಿಂದ ಒಳಗೆ ಬರಲು ಬಾಗಿಲೇ ಇಲ್ಲ. ಸ್ಪ್ಯಾನಿಷ್, ಜಪಾನೀಸ್, ಕೊರಿಯನ್ನರಿಗೆ ದ್ವಿಭಾಷಾ ಸೌಲಭ್ಯವಿದೆ, ನಮಗಿಲ್ಲ. ಈ ಕಂದಕಕ್ಕೆ ಹಾಕಬಹುದಾದ ಸಂಕ ‘ಅಲರ್’. ವಿ. ಕೃಷ್ಣ ಅವರು ದಶಕಗಳ ಕಾಲ ಒಬ್ಬರೇ ಕೂತು ಕಟ್ಟಿದ ಕನ್ನಡ-ಇಂಗ್ಲಿಷ್ ನಿಘಂಟು ಅದು. 2019ರಿಂದ ಜಾಲದಲ್ಲಿ ಮುಕ್ತವಾಗಿದೆ, ಒಂದೂವರೆ ಲಕ್ಷಕ್ಕೂ ಹೆಚ್ಚು ಕನ್ನಡ ಪದಗಳಿವೆ. ಬಳಸುವ ಕ್ರಮ ಹೀಗಿರಲಿ: ಮೊದಲು ಅಲರ್‌ನಲ್ಲಿ ‘ವ್ಯಾಪ್ತಿ’, ‘ಎಲ್ಲೆ’, ‘ಮೇರೆ’ ಏನು ಬೇಕೋ ಹುಡುಕಿ, ಬಂದ ಇಂಗ್ಲಿಷ್ ಪದಗಳನ್ನು ಚೀಟಿಯಲ್ಲಿ ಬರೆದುಕೊಳ್ಳಿ. ನಂತರ ಒಂದೊಂದನ್ನೂ ಲಾಂಗ್‌ಮನ್ನಿನಲ್ಲಿ ತೆರೆಯಿರಿ. ವಿವರಣೆಗೆ ಮುಂಚೆ ಆ ಪದದ ಒಡನಾಡಿ ಪದಗಳ ಪಟ್ಟಿ ನೋಡಿ. ನಿಮ್ಮ ವಾಕ್ಯದ ಕ್ರಿಯಾಪದ ಅಲ್ಲಿದ್ದರೆ ಪದ ಸರಿಯಾಗಿದೆ; ಇಲ್ಲದಿದ್ದರೆ ಚೀಟಿಯ ಮುಂದಿನ ಪದಕ್ಕೆ ಹೋಗಿ. ‘ಮಿತಿ ಹೇರು’ ಎನ್ನಲು ‘ಪುಟ್ ಎ ಲಿಮಿಟ್ ಆನ್’, ‘ಸೆಟ್’, ‘ಇಂಪೋಸ್’ ಮೂರೂ ಆಗುತ್ತವೆ, ‘ಕೀಪ್’ ಎನ್ನುವುದು ಹೊಂದುವುದಿಲ್ಲ. ‘ಮಿತಿ ಇಡು’ ಎನ್ನುವ ನಮ್ಮ ಬಾಯಿಗೆ ಮೊದಲು ಬರುವುದು ಅದೇ ‘ಕೀಪ್’.

ಬೇರೆ ನಿಘಂಟುಗಳಲ್ಲಿ ಕಾಲಿನ್ಸ್ ಕೋಬಿಲ್ಡ್ 1987ರಿಂದ ಇಡೀ ವಾಕ್ಯದಲ್ಲೇ ಅರ್ಥ ಹೇಳುವ ಪದ್ಧತಿ ಹಿಡಿದಿದೆ; ಪದದ ಜೊತೆ ಯಾವ ಉಪಸರ್ಗ ಬರುತ್ತದೆಂದು ವಿವರಣೆಯಲ್ಲೇ ಕಾಣುವುದರಿಂದ ಈ ಗುಂಪಿನ ಪದಗಳಿಗೆ ಅದೂ ಚೆನ್ನಾಗಿ ಒದಗುತ್ತದೆ. ಆಕ್ಸ್‌ಫರ್ಡ್ ಕಲಿಕಾ ತಾಣ ಪದಗಳಿಗೆ ಎ1ರಿಂದ ಮೇಲಕ್ಕೆ ಮಟ್ಟದ ಗುರುತು ಹಾಕಿರುವುದರಿಂದ ಪಾಠ ಮಾಡುವವರಿಗೆ ಅನುಕೂಲ. ಸಮಾನಾರ್ಥಕ ಕೋಶ ಬೇಕೆನ್ನುವವರು ರೋಜೆಯದನ್ನು ತೆರೆಯುತ್ತಾರೆ. 1852ರದ್ದು, ಅಕಾರಾದಿಯಲ್ಲ, ವಿಷಯವಾರು. ಅವಕಾಶ ಅಂದರೆ ಸ್ಪೇಸ್ ಎಂಬ ವರ್ಗದೊಳಗೆ ಗಾತ್ರ, ಅಂಚು, ಆವರಣ, ಮಿತಿ ಒಂದರ ಪಕ್ಕ ಒಂದು ಕೂತಿವೆ. ನಮಗೆ ಹೊಸದೇನಲ್ಲ, ಅಮರಕೋಶವೂ ಹೀಗೇ ವರ್ಗವರ್ಗವಾಗಿ ಇರುವುದು. ರೋಜೆ ತನ್ನ ಪೀಠಿಕೆಯ ಅಡಿಟಿಪ್ಪಣಿಯಲ್ಲಿ ಅಮರಕೋಶವನ್ನು ಹೆಸರಿಸಿಯೂ ಇದ್ದಾನೆ. ಆದರೆ ರೋಜೆಯ ಕೋಶದಲ್ಲಿ ಉದಾಹರಣೆ ವಾಕ್ಯಗಳಿಲ್ಲ. ಪದ ಮೊದಲೇ ಗೊತ್ತಿದ್ದು ನೆನಪಾಗದವರಿಗೆ ಅದು ಸರಿ, ಗೊತ್ತಿಲ್ಲದವರ ಕೈಗೆ ಕೊಟ್ಟರೆ ಸಮಾರಂಭಕ್ಕೆ ಎರವಲು ಒಡವೆ ಹಾಕಿಕೊಂಡು ಬಂದಂತೆ ಕಾಣುವ ವಾಕ್ಯಗಳು ಹುಟ್ಟುತ್ತವೆ.

ಮೊಬೈಲಿನಲ್ಲಿ ಲಾಂಗ್‌ಮನ್ ತಾಣ ತೆರೆದಾಗ ಜಾಹೀರಾತುಗಳು ನಡುನಡುವೆ ನುಗ್ಗುತ್ತವೆ; ಉದ್ದನೆಯ ಪುಟದಲ್ಲಿ ಒಡನಾಡಿ ಪದಗಳ ಪೆಟ್ಟಿಗೆ ತಲುಪುವಷ್ಟರಲ್ಲಿ ಬೆರಳು ಸೋಲುತ್ತದೆ. ದೊಡ್ಡ ಪರದೆಯಲ್ಲಿ ನೋಡುವುದೇ ಮೇಲು. ಹಾಗೆಂದು ಸ್ಪೀಕರ್ ಗುರುತು ಒತ್ತುವುದನ್ನು ಮರೆಯಬೇಡಿ. ಪದಕ್ಕೆ ಬ್ರಿಟಿಷ್, ಅಮೆರಿಕನ್ ಎರಡು ಉಚ್ಚಾರಣೆಗಳಿವೆ, ಬಹಳಷ್ಟು ಉದಾಹರಣೆ ವಾಕ್ಯಗಳಿಗೂ ಧ್ವನಿ ಇದೆ. ‘ಲಿಮಿಟ್’ನಲ್ಲಿ ಒತ್ತು ‘ಲಿ’ ಮೇಲೆ, ‘ಎಕ್ಸ್‌ಟೆಂಟ್’ನಲ್ಲಿ ‘ಟೆಂಟ್’ ಮೇಲೆ. ನಾವು ಎರಡನ್ನೂ ಸಮತಟ್ಟಾಗಿ ಆಡುತ್ತೇವೆ. ‘ಎಕ್ಸ್‌ಟೆಂಟ್’ನ ‘ಎಕ್ಸ್’ ಮೇಲೆ ಭಾರ ಹಾಕಿದರೆ ದೂರವಾಣಿಯಲ್ಲಿ ಆ ಕಡೆಯವರು ‘ಎಕ್ಸ್‌ಟೆನ್ಷನ್ ನಂಬರಾ?’ ಎಂದು ಕೇಳುವ ಸಂಭವವೂ ಇದೆ.